ಮೈಕಿನಲ್ಲಿ ಬಾರದ ಹೆಸರು

ಮಗಳ ಮದುವೆಯಲ್ಲಿ ನಾನು ನೂರಾರು ಕೆಲಸ ಮಾಡಿದೆ, ಒಂದನ್ನು ಮಾಡಲಿಲ್ಲ. ನನಗಿರುವ ಒಬ್ಬನೇ ತಮ್ಮನ ಹೆಸರನ್ನು ಸತ್ಕಾರದ ಪಟ್ಟಿಯಲ್ಲಿ ಬರೆಯಲಿಲ್ಲ. ಕೇಳಿದವರಿಗೆಲ್ಲ ಗಡಿಬಿಡಿಯಲ್ಲಿ ಬಿಟ್ಟುಹೋಯಿತು ಎಂದು ಹೇಳುತ್ತ ಬಂದೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು; ಬರೆಯುವುದರಲ್ಲಿ ನನ್ನಿಂದ ತಪ್ಪಾಯಿತೆಂದರೆ ಯಾರೂ ಅನುಮಾನ ಪಡುವುದಿಲ್ಲ. ಓದು ಕಡಿಮೆ ಇರುವುದರಲ್ಲಿ ಇಂಥ ಅನುಕೂಲಗಳೂ ಇವೆ.

ನಮ್ಮ ಕಡೆ ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ, ಊಟಕ್ಕೆ ಮುಂಚೆ, ಗಂಡಸರಿಗೆ ಒಂದು ಸತ್ಕಾರ ನಡೆಯುತ್ತದೆ. ಮೈಕ್ ಹಿಡಿದವನು ಒಂದೊಂದೇ ಹೆಸರು ಕೂಗುತ್ತಾನೆ. ಹೆಸರಿನವರು ವೇದಿಕೆ ಹತ್ತಿದರೆ ತಲೆಗೊಂದು ಬಿಳಿ ಟೋಪಿ, ಹೆಗಲಿಗೊಂದು ಟಾವೆಲ್. ಆ ಟೋಪಿ ಯಾರ ತಲೆಗೂ ಸರಿಯಾಗಿ ಕೂಡುವುದಿಲ್ಲ. ಆ ಟಾವೆಲಿನಿಂದ ಮೈ ಒರೆಸಿಕೊಂಡರೆ ನೀರು ಇನ್ನಷ್ಟು ಹರಡುತ್ತದೆ. ಆದರೂ ಅದು ಸಿಗಲಿಲ್ಲವೆಂದು ವರ್ಷಗಟ್ಟಲೆ ಮಾತು ಬಿಟ್ಟವರು ನಮ್ಮಲ್ಲಿದ್ದಾರೆ. ಮೊದಲ ಟೋಪಿ ಮದುಮಗಳ ಸೋದರಮಾವನಿಗೆ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ಆ ಸೋದರಮಾವನ ವಿಷಯ. ಹೆಸರು ಶರಣಪ್ಪ. ನಮ್ಮ ತವರು ಮಣ್ಣೂರಿನಲ್ಲಿ ಟೆಂಪೋ ಓಡಿಸಿಕೊಂಡಿದ್ದಾನೆ. ನಾನು ಅಫಜಲಪುರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹೆಂಗಸರ ಜಂಪರ್ ಹೊಲಿಯುತ್ತೇನೆ. ಇಬ್ಬರ ಊರುಗಳ ನಡುವೆ ಬಸ್ಸಿನ ದಾರಿಯಿದ್ದರೂ ಅವನು ಬೆಳಿಗ್ಗೆ ಏನು ತಿಂದ ಎಂಬುದು ನನಗೆ ಗೊತ್ತಾಗುತ್ತದೆ, ಏಕೆಂದರೆ ತಿಂದದ್ದನ್ನೆಲ್ಲ ಅವನು ಮೊಬೈಲಿನ ಸ್ಟೇಟಸ್ಸಿಗೆ ಹಾಕುತ್ತಾನೆ. ತನ್ನ ಹುಟ್ಟುಹಬ್ಬಕ್ಕೆ ತಾನೇ ಬ್ಯಾನರ್ ಕಟ್ಟಿಸುತ್ತಾನೆ. ಅದರಲ್ಲಿ ಕೈಮುಗಿದು ನಿಂತವನೂ ಅವನೇ, ಕೆಳಗೆ ‘ಅಭಿಮಾನಿ ಬಳಗ’ ಎಂದು ಬರೆಸಿದವನೂ ಅವನೇ. ಗಾಣಗಾಪುರಕ್ಕೆ ಹೋದರೆ ದತ್ತನ ಮುಂದೆ ಕಣ್ಣು ಮುಚ್ಚಿ ನಿಂತು ಫೋಟೋ ತೆಗೆಸುತ್ತಾನೆ, ಕಣ್ಣು ತೆರೆದು ಫೋಟೋ ನೋಡುತ್ತಾನೆ, ಚಲೋ ಬಂದಿಲ್ಲವೆಂದರೆ ಮತ್ತೆ ಭಕ್ತಿಯಿಂದ ಕಣ್ಣು ಮುಚ್ಚುತ್ತಾನೆ. ಸತ್ತವರ ಮನೆಯಲ್ಲೂ ಅಷ್ಟೇ. ಮನೆಯವರಿಗಿಂತ ಮುಂದೆ ಕೂತು ಅತ್ತು, ಕೊನೆಗೆ ಮನೆಯವರೇ ಅವನನ್ನು ಸಮಾಧಾನ ಮಾಡುವಂತೆ ಮಾಡುತ್ತಾನೆ. ಇನ್ನೊಬ್ಬರಿಗೆ ಕಾಯಿಲೆ ಬಂದರೆ ಅವನಿಗೆ ಸಹಿಸಲಾಗುವುದಿಲ್ಲ. ಒಮ್ಮೆ ನನಗೆ ಎಂಟು ದಿನ ಚಳಿಜ್ವರ. ನೋಡಲು ಬಂದವನು ಗಾದಿಯ ತುದಿಗೆ ಕೂತು, “ನಿನ್ನದೇನ್ ಜ್ವರ ಬಿಡು ಅಕ್ಕಾ, ಹ್ವಾದ ವರ್ಷ ನನಗ ಬಂದಿತ್ತು ನೋಡು” ಎಂದು ಶುರುಮಾಡಿದ. ಮುಗಿಸುವಷ್ಟರಲ್ಲಿ ನಾನೇ ಎದ್ದು ಅವನಿಗೆ ಚಹಾ ಮಾಡಿಕೊಟ್ಟಿದ್ದೆ.

ಇದನ್ನೆಲ್ಲ ಜಂಪರ್ ಹೊಲಿಸಲು ಬರುವ ಶಹನಾಜಳ ಮುಂದೆ ಹೇಳಿಕೊಳ್ಳುತ್ತಿದ್ದೆ. ಎದುರು ಮನೆಯವಳು, ಒಳ್ಳೆಯ ಹೆಂಗಸು, ಆದರೆ ಮೊಬೈಲಿನಲ್ಲಿ ಉಪದೇಶ ಕೇಳುವ ಚಟ. ಮದುವೆಗೆ ವಾರವಿರುವಾಗ ಒಂದು ವಿಡಿಯೋ ತಂದು ತೋರಿಸಿದಳು. ಕನ್ನಡಕದ ಮನುಷ್ಯನೊಬ್ಬ ಇಂಥ ಜನರ ಬಗ್ಗೆ ಬಹಳ ಶಾಂತವಾಗಿ ಮಾತಾಡುತ್ತಿದ್ದ.

“ಕೇಳದ್ಯಾ ಅಕ್ಕಾ? ಇಂಥವರಿಗಿ ಲಕ್ಷ್ಯ ಕೊಡಬಾರದಂತ. ಕೊಟ್ಟಷ್ಟು ಜಾಸ್ತಿ ಆಗ್ತದಂತ. ಬಿಟ್ಟಬಿಟ್ರ ತಾವೇ ದಾರಿಗಿ ಬರ್ತಾರಂತ.”

“ಇನ್ನೇನರ ಹೇಳ್ಯಾನೇನು?”

“ಹೇಳ್ಯಾನ. ಅವರು ಹಂಗ್ಯಾಕ ಆಗ್ಯಾರ ಅಂಬೋದು ಮೊದಲ ತಿಳ್ಕೋಬೇಕಂತ. ಅದು ಉದ್ದ ಅದ, ನಾ ಪೂರಾ ನೋಡಿಲ್ಲ.”

ನಾನೂ ಪೂರಾ ನೋಡಲಿಲ್ಲ. ನನಗೆ ಬೇಕಾದಷ್ಟು ಸಿಕ್ಕಿತ್ತು. ಅಳತೆ ಬರೆಯುವ ನೋಟ್‌ಬುಕ್ಕಿನ ಹಾಳೆ ಹರಿದು ಸತ್ಕಾರದ ಪಟ್ಟಿ ಮಾಡಿದೆ. ನಲವತ್ತು ಹೆಸರು. ಶರಣಪ್ಪ ಇಲ್ಲ. ನನ್ನ ಗಂಡನಿಗೆ ಓದಿ ಹೇಳಿದೆ. ಅವರು ಎಂದಿನಂತೆ “ಹೂಂ” ಅಂದರು.

ಮದುವೆಯ ದಿನ ಅವನು ಗರಿಗರಿ ಬಿಳಿ ಅಂಗಿ ತೊಟ್ಟು ಬಂದ. ವೇದಿಕೆಯ ಮೆಟ್ಟಿಲ ಹತ್ತಿರ ನಿಂತು ಕೂದಲು ಬಾಚಿಕೊಂಡ. ತನ್ನ ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟು, ಎಲ್ಲಿ ನಿಂತರೆ ಮುಖ ಚಲೋ ಬರುತ್ತದೆ ಎಂದು ತೋರಿಸಿದ. ಮೈಕಿನವನು ಮೊದಲ ಹೆಸರು ಕೂಗಿದ, ಬೇರೆ ಯಾರದೋ. ಶರಣಪ್ಪ ನಕ್ಕು, ದಾರಿ ಬಿಟ್ಟು ನಿಂತ. ಎರಡನೆಯದು, ಐದನೆಯದು, ಹತ್ತನೆಯದು. ಒಂದೊಂದು ಹೆಸರಿಗೂ ಅವನು ಮೆಟ್ಟಿಲಿಗೆ ಇನ್ನಷ್ಟು ಹತ್ತಿರ ಸರಿಯುತ್ತಿದ್ದ, ದೂರವಿದ್ದದ್ದೇ ಕಾರಣ ಎನ್ನುವಂತೆ. ಗ್ಯಾಸ್ ಸಿಲಿಂಡರ್ ತಂದುಕೊಟ್ಟವನಿಗೂ ಟೋಪಿ ಬಂತು. ಆಮೇಲೆ ಮೈಕಿನವನು, “ಇಲ್ಲಿಗಿ ಸತ್ಕಾರ ಮುಗೀತ್ರಿ, ಎಲ್ಲಾರೂ ಊಟಕ್ಕ ಏಳ್ರಿ” ಎಂದ.

ನಾನು ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಇನ್ನು ಕೂಗಾಡುತ್ತಾನೆ, ಮಂದಿ ಅವನನ್ನು ನೋಡಿ ನಗುತ್ತಾರೆ ಎಂದುಕೊಂಡಿದ್ದೆ. ಅವನು ಬಾಚಣಿಕೆಯನ್ನು ಜೇಬಿಗೆ ಹಾಕಿಕೊಂಡ. ಹೆಂಡತಿಯ ಕೈಯಿಂದ ಮೊಬೈಲ್ ತೆಗೆದುಕೊಂಡ. ಊಟದ ಪಂಕ್ತಿಗೆ ಹೋಗಿ ಹುಗ್ಗಿಯ ಬಕೆಟ್ ಹಿಡಿದು, ಕೊನೆಯ ಪಂಕ್ತಿಯವರೆಗೂ ಬಡಿಸಿ, ತಾನು ಉಣ್ಣದೆ ಹೋದ.

ಆ ದಿನದಿಂದ ಸ್ಟೇಟಸ್ಸು ಬಂದ್. ಫೋನೂ ಇಲ್ಲ. ವಿಡಿಯೋದವನು ಹೇಳಿದಂತೆಯೇ ಆಗಿತ್ತು, ತಮ್ಮ ದಾರಿಗೆ ಬಂದಿದ್ದ. ಆ ದಾರಿ ನಮ್ಮ ಮನೆಯ ಕಡೆ ಬರುತ್ತಿರಲಿಲ್ಲ, ಅಷ್ಟೇ.

ನಾಗರ ಪಂಚಮಿ ಹತ್ತಿರ ಬಂತು. ಪ್ರತಿ ವರ್ಷ ನನ್ನನ್ನು ತವರಿಗೆ ಕರೆದೊಯ್ಯಲು ಅವನೇ ಟೆಂಪೋ ತರುತ್ತಿದ್ದ, ಗಲ್ಲಿಯ ತುದಿಯಿಂದಲೇ ಹಾರ್ನ್ ಬಾರಿಸುತ್ತ. ನಾನು ಬೇಕೆಂದೇ ತಡಮಾಡಿ ಹೊರಗೆ ಬರುತ್ತಿದ್ದೆ. ಎಲ್ಲ ಬಾಗಿಲುಗಳಲ್ಲಿ ಹೆಂಗಸರು ನಿಂತು ನೋಡಲಿ, ಕರೆಯಲು ಬರುವ ತಮ್ಮ ನನಗಿದ್ದಾನೆ ಎಂದು ಅವರಿಗೆಲ್ಲ ಗೊತ್ತಾಗಲಿ ಎಂದು. ಈ ವರ್ಷ ಹಾರ್ನ್ ಕೇಳಲಿಲ್ಲ. ಶಹನಾಜ ಬಂದು, “ತಮ್ಮ ಬರಲಿಲ್ಲೇನಕ್ಕಾ ಇನ್ನಾ?” ಎಂದಳು. “ಅವನಿಗಿ ಕೆಲಸ ಭಾಳ ಅದ” ಎಂದೆ. ಅವಳು ಹೋದ ಮೇಲೆ ಮಶೀನಿನ ಮುಂದೆ ಕೂತರೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ.

ಆಗ ನೆನಪಾಯಿತು. ಅವ್ವ ಹೊಲಕ್ಕೆ ಕೂಲಿಗೆ ಹೋಗುವಾಗ ಮೂರು ವರ್ಷದ ತಮ್ಮ ಶರಣ್ಯಾನನ್ನು ನನ್ನ ಕೈಗೆ ಕೊಡುತ್ತಿದ್ದಳು. ನನಗೆ ಗೆಳತಿಯರ ಜೊತೆ ಹರಳಿನ ಆಟ. ಅವನು ಲಂಗ ಜಗ್ಗಿದರೆ ನೋಡುತ್ತಿರಲಿಲ್ಲ, ಸಣ್ಣಗೆ ಅತ್ತರೂ ನೋಡುತ್ತಿರಲಿಲ್ಲ. ಓಣಿಯವರೆಲ್ಲ ಹೊರಗೆ ಬರುವಷ್ಟು ಜೋರಾಗಿ ಕಿರುಚಿದರೆ ಮಾತ್ರ ಓಡಿಹೋಗಿ ಎತ್ತಿಕೊಳ್ಳುತ್ತಿದ್ದೆ, ಅದೂ ಓಣಿಯವರ ಮುಂದೆ ಒಳ್ಳೆಯವಳಾಗಲು. ಶಾಲೆಯಲ್ಲಿ ನಾನು ಹೆಚ್ಚು ಕಲಿಯಲಿಲ್ಲ. ಆದರೆ ಅವನಿಗೆ ಮಾತ್ರ ಒಂದು ಪಾಠ ಚೆನ್ನಾಗಿ ಕಲಿಸಿದ್ದೆ.

ಟ್ರಂಕಿನಲ್ಲಿ ಉಳಿದಿದ್ದ ಒಂದು ಟಾವೆಲ್, ಒಂದು ಟೋಪಿ ಚೀಲಕ್ಕೆ ಹಾಕಿಕೊಂಡು ಮಣ್ಣೂರಿನ ಬಸ್ ಹತ್ತಿದೆ. ಸುಮ್ಮನೆ ಅವನ ಮನೆಯೊಳಗೆ ಕೂತು ಮೆಲ್ಲಗೆ ಹೇಳಿ ಬಂದರಾಯಿತು ಎಂದುಕೊಂಡಿದ್ದೆ. ಆದರೆ ಅವನು ಬಸ್ ನಿಲ್ಲುವಲ್ಲೇ, ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಜೊತೆಗೆ ಏಳೆಂಟು ಜನ. ನನ್ನನ್ನು ನೋಡಿ ಎದ್ದು ನಿಂತ, ಆದರೆ ನಗಲಿಲ್ಲ.

“ಯಾಕ ಬಂದಿ ಅಕ್ಕಾ?”

“ತಪ್ಪಾಗ್ಯಾದೋ” ಎಂದೆ, ಅವನಿಗಷ್ಟೇ ಕೇಳುವಂತೆ.

“ಕೇಳಸ್ಲಿಲ್ಲ.”

“ತಪ್ಪಾಗ್ಯಾದ ಅಂದೆ.”

ಅವನು ಬೆಂಚಿನ ಕಡೆ ತಿರುಗಿ ನೋಡಿ, ಮತ್ತೆ ನನ್ನನ್ನು ನೋಡಿದ. “ನಿನ್ನ ಮಗಳ ಮದ್ವ್ಯಾಗ ಎಷ್ಟ ಮಂದಿ ಇದ್ರಕ್ಕಾ?”

“ಇದ್ದಿರಬೇಕು, ಒಂದು ಆರನೂರು.”

“ಇಲ್ಲಿ ಎಂಟೇ ಮಂದಿ ಅದಾರ. ನೀ ಹಿಂಗ ಮೂಗಿನಾಗ ಅಂದ್ರ ಅವರಿಗೂ ಕೇಳಸಂಗಿಲ್ಲ.” ಇಷ್ಟು ಹೇಳಿ, ಅಂಗಡಿಯವನಿಗೆ ರೇಡಿಯೋ ಬಂದ್ ಮಾಡಲು ಕೈಸನ್ನೆ ಮಾಡಿದ.

ಎಲ್ಲರೂ ತನ್ನನ್ನೇ ನೋಡಬೇಕೆಂಬ ಅವನ ಕಾಯಿಲೆ ಒಂದಿಷ್ಟೂ ವಾಸಿಯಾಗಿರಲಿಲ್ಲ. ಹಿಂದಾದರೆ ಅಲ್ಲೇ ನಿಂತು ಅವನ ಮಾನ ಕಳೆಯುತ್ತಿದ್ದೆ. ಆದರೆ ನಿಜ ಹೇಳುತ್ತೇನೆ, ರೇಡಿಯೋ ನಿಂತು ಎಲ್ಲರೂ ನನ್ನ ಕಡೆ ತಿರುಗಿದಾಗ ನಾನು ಮೊದಲು ಮಾಡಿದ್ದು ಸೆರಗು ಸರಿಮಾಡಿಕೊಂಡದ್ದು. ಇನ್ನೂ ನಿಂತಿದ್ದ ಬಸ್ಸಿನ ಕಿಟಕಿಯಲ್ಲಿದ್ದವರೂ ನೋಡುತ್ತಿದ್ದಾರೆಯೇ ಎಂದು ಓರೆಗಣ್ಣಿನಲ್ಲಿ ನೋಡಿದೆ. ನೋಡುತ್ತಿದ್ದರು. ಟೋಪಿಯನ್ನು ಅವನ ತಲೆಗೆ ಇಟ್ಟೆ, ಟಾವೆಲನ್ನು ಹೆಗಲಿಗೆ ಹಾಕಿದೆ, ಬಸ್ಸಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ:

“ನನ್ನ ಮಗಳ ಸೋದರಮಾವ ಶರಣಪ್ಪಗ ಮೊದಲನೇ ಸತ್ಕಾರ. ನಿನ್ನ ಹೆಸರ ನಾ ಮರ್ತಿದ್ದಿಲ್ಲೋ ತಮ್ಮಾ, ಬೇಕಂತೇ ಬಿಟ್ಟಿದ್ದೆ. ನನ್ನದು ತಪ್ಪಾಗ್ಯಾದ.”