ಶುಕ್ರವಾರದ ವಸೂಲಿ

ಸಾಲ ತೀರಿಸುವುದು ಕಷ್ಟ ಎಂದು ಹಿರಿಯರು ಹೇಳಿದ್ದು ಕೈಯಲ್ಲಿ ಕಾಸಿಲ್ಲದವರ ವಿಷಯ ಎಂದೇ ನಾನು ತಿಳಿದಿದ್ದೆ. ಕಾಸಿದ್ದವನಿಗೂ ಕೊಡುವ ಯೋಗ ಕೂಡಿಬರಬೇಕೆಂಬ ಪರಮಸತ್ಯ ಹೊಳೆದದ್ದು ಹಳೆಯ ಸ್ಕೂಟರಿನ ಸಾಲ ಚುಕ್ತಾ ಮಾಡಲು ಹೊರಟಾಗ. ಸ್ಕೂಟರು ಅಜ್ಜಂಪುರದ ರೈಲ್ವೆ ಗೇಟಿನ ಬಳಿ ಪ್ರಾಣಬಿಟ್ಟು ಗುಜರಿ ಸೇರಿ ಎಷ್ಟೋ ಕಾಲವಾಗಿತ್ತು. ಸಾಲ ಮಾತ್ರ ಬಡ್ಡಿ ತಿಂದುಕೊಂಡು ಆರೋಗ್ಯವಾಗಿ ಬೆಳೆಯುತ್ತಿತ್ತು.

ತರೀಕೆರೆಯ ಫೈನಾನ್ಸಿನಿಂದ ವಸೂಲಿಗೆ ಬರುವವನು ಲೋಕೇಶ. ಸಭ್ಯ ಮನುಷ್ಯ. ಚಪ್ಪಲಿ ಬಿಟ್ಟು ಒಳಬಂದು, ನನ್ನ ಹೆಂಡತಿ ಸರೋಜ ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಆಮೇಲೆ ಗದರಿಸುತ್ತಿದ್ದ. ನಮ್ಮೂರಿಗೆ ಅವನ ಪಾಳಿ ಮಂಗಳವಾರ ಮತ್ತು ಶುಕ್ರವಾರ. ಒಂದು ಮಂಗಳವಾರ, "ಯಜಮಾನ್ರೇ, ಈ ಶುಕ್ರವಾರ ಸಂಜೆಯೊಳ್ಗೆ ಅಸಲು ಕಟ್ಬಿಡಿ, ಬಡ್ಡಿ ಪೂರ್ತಿ ಬಿಡ್ತಾರೆ. ಶನಿವಾರ ಆದ್ರೆ ಅದು ಮತ್ತೆ ಎದ್ದು ಕೂತ್ಕತದೆ" ಎಂದ.

ತೆಂಗಿನಕಾಯಿ ವ್ಯಾಪಾರಿಯಿಂದ ದುಡ್ಡು ಕೈಗೆ ಬಂದದ್ದು ಗುರುವಾರ ಸಂಜೆಮುಂದೆ. ತರೀಕೆರೆ ಬಸ್ಸು ಹತ್ತಿದ್ದರೆ ಆಫೀಸಿನ ಬೀಗ ನೋಡಿಕೊಂಡು ಬರಬೇಕಿತ್ತು. "ನಾಳೆ ಲೋಕೇಶನೇ ಬತ್ತಾನಲ್ಲ" ಎಂದೆ. ಸರೋಜ ಹೌಹಾರಿದಳು. "ಶುಕ್ರವಾರ ಲಕ್ಷ್ಮೀನ ಆಚೆ ಕಳಿಸ್ತಾರೇನ್ರೀ?" "ಹಂಗಾದ್ರೆ ಬ್ಯಾಂಕಿಗೆ ಕಟ್ಟಿ ಫೋನಲ್ಲಿ ಹಾಕ್ತೀನಿ ಬಿಡು." "ಫೋನಲ್ಲಿ ಹೋದ್ರೆ ಹೋದಂಗಲ್ವಾ?" ಈ ಧರ್ಮಸೂಕ್ಷ್ಮಕ್ಕೆ ಬ್ಯಾಂಕಿನವರ ಬಳಿಯೂ ಉತ್ತರವಿರಲಾರದು. ಕೊನೆಗೆ ದೀಪ ಹಚ್ಚುವ ಮೊದಲೇ ದುಡ್ಡನ್ನು ಟವಲಿನಲ್ಲಿ ಸುತ್ತಿ ಪಕ್ಕದ ಮನೆಯ ಗೌರಮ್ಮನವರ ಬಳಿ ಇಟ್ಟುಬಂದೆ. ಲಕ್ಷ್ಮಿ ಗುರುವಾರವೇ ನಮ್ಮ ಹೊಸ್ತಿಲು ದಾಟಿದ್ದರಿಂದ ನಮಗೆ ದೋಷವಿಲ್ಲ. ಶುಕ್ರವಾರ ಅಲ್ಲಿಂದ ಲೋಕೇಶನ ಕೈಗೆ. ಇಂಥ ಬುದ್ಧಿಯಿದ್ದೂ ನಾನು ವಕೀಲನಾಗದೆ ಹೋದೆನಲ್ಲ ಎಂದು ಮರುಗಿದೆ.

ಮರುದಿನ ಲೋಕೇಶನನ್ನು ಕರೆದುಕೊಂಡು ಹೋದರೆ, ಗೌರಮ್ಮನವರು ಬಾಗಿಲಿಗೆ ಅಡ್ಡ ನಿಂತರು. "ಅಯ್ಯೋ ಅಣ್ಣ, ನಿನ್ನೆ ಬಂದ ಲಕ್ಷ್ಮೀನ ಇವತ್ತೇ ಕಳಿಸಾಕಾಯ್ತದಾ? ಶುಕ್ರವಾರ ಕಣಣ್ಣ. ನಾಳೆ ಬನ್ನಿ."

"ಅದು ನಮ್ಮ ಲಕ್ಷ್ಮಿ ಕಣಮ್ಮ!"

"ಯಾರ್ದಾದ್ರೂ ಆಗ್ಲಿ, ಈಗ ನಮ್ಮನೇಲಿ ಅವ್ಳೆ."

ಬಾಗಿಲು ಮುಚ್ಚಿಕೊಂಡಿತು. ನ್ಯಾಯಕ್ಕಾಗಿ ಲೋಕೇಶನ ಮುಖ ನೋಡಿದೆ. "ಅವ್ರು ಹೇಳೋದೂ ಸರಿನೇ. ನಮ್ಮವ್ವನೂ ಕೊಡಲ್ಲ" ಎಂದವನು ದನಿ ತಗ್ಗಿಸಿ, "ಜಗಲಿ ಮೇಲೆ ಕೂತ್ಕಳಿ. ಹೋಗೋರ್ಗೆ ಬರೋರ್ಗೆ ಕೇಳೋ ಹಂಗೆ, ಕೊಡೋದು ಕೊಡಿ ಅಂತಿರಿ, ಸಾಕು" ಎಂದು ಗುರುಮಂತ್ರ ಉಪದೇಶಿಸಿದ. ಕೂತೆ. "ಕೊಡ್ಬೇಕಾದ್ದು ಕೊಟ್ಬಿಡಮ್ಮಾ!" ಎಂದು ನನ್ನ ಗಂಟಲಿನಿಂದ ಹೊರಟ ದನಿ ನನಗೇ ಹೊಸದು. ಡೈರಿಗೆ ಹಾಲು ಹಾಕಲು ಹೊರಟವರು ನಿಂತರು. "ಗೌರಮ್ಮಂಗೂ ಸಾಲ ಐತಾ? ಛೇ!" ಎಂದು ಒಬ್ಬಾಕೆ ಕ್ಯಾನು ಕೆಳಗಿಟ್ಟೇ ಮರುಗಿದಳು.

ಆ ಮಾತು ನಾಟಿತು. ಬಾಗಿಲು ತೆರೆಯಿತು. ಗೌರಮ್ಮನವರು ಗೋಡೆಗೆ ಮುಖಮಾಡಿ ನಿಂತಿದ್ದರು. "ನಾನು ಕೊಡಾಕಿಲ್ಲ, ನೋಡೋದೂ ಇಲ್ಲ. ಅಕ್ಕಿ ಡಬ್ಬದಾಗೈತೆ, ತಗಂಡು ತೊಲಗಿ."

ಹೀಗೆ ನನ್ನದೇ ದುಡ್ಡನ್ನು ಕಳ್ಳನಂತೆ ಎತ್ತಿ ತಂದು ಸಾಲ ಚುಕ್ತಾ ಮಾಡಿದೆ. ರಸೀದಿ ಕೊಟ್ಟ ಲೋಕೇಶ, "ನಿಮ್ಮಂಥೋರು ಒಬ್ರಿದ್ದಿದ್ರೆ ಅಂತರಘಟ್ಟೆ ಕಡೆ ಬಾಕಿಯೆಲ್ಲ ಬಂದ್ಬಿಡೋದು" ಎಂದು ಮನಸಾರೆ ಹೊಗಳಿದ.

ಶನಿವಾರ ಬೆಳಗ್ಗೆ ಋಣಮುಕ್ತನಾಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೀದಿಗಿಳಿದೆ. ಶೆಟ್ಟರು ಅಂಗಡಿಯ ಶಟರ್ ಸರಕ್ಕನೆ ಎಳೆದರು. ಎದುರುಮನೆಯ ಹುಡುಗಿ ನಾನು ಕೇಳದಿದ್ದರೂ "ಅಪ್ಪ ಕಡೂರಿಗೆ ಹೋಗವ್ರೆ" ಎಂದು ಒಳಗೆ ಓಡಿದಳು. ಎಷ್ಟೋ ವರ್ಷಗಳ ಮೇಲೆ ತಲೆಯೆತ್ತಿ ನಡೆಯುತ್ತಿದ್ದೆ; ನೋಡುವುದಕ್ಕೆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ.