ಕಾರ್ಖಾನೆಯಲ್ಲಿ ಬಳಿದ ಹಾಗೇ

ಅಣ್ಣನ ಬೂದಿ ತುಂಬುವ ಪಾತ್ರೆಗೆ ಬಣ್ಣ ಬಳಿಯಲು ಈ ಭೂಮಂಡಲದಲ್ಲಿ ತನಗಿಂತ ಯೋಗ್ಯನಿಲ್ಲ ಎಂದು ಆರಿನ್ ಸ್ಟಕಿ ಗುರುವಾರ ಬೆಳಗಿನ ಕಾಫಿಯ ಹೊತ್ತಿಗೇ ಘೋಷಿಸಿಬಿಟ್ಟ.

"ಶನಿವಾರ ಚರ್ಚಿಗೆ ಕಾರ್ ಕ್ಲಬ್ಬಿನ ಮುದುಕರೆಲ್ಲ ಬರ್ತಾರೆ ಮ್ಯಾಕ್ಸೀನ್. ಒಬ್ಬನಾದ್ರೂ ಒಂದು ತಪ್ಪು ತೋರಿಸ್ಲಿ ನೋಡೋಣ!"

"ಅವ್ರು ಬರೋದು ಡೆಲ್ಮರ್‌ನ ಕಳಿಸಿಕೊಡೋಕೆ, ಮಾರ್ಕ್ಸ್ ಹಾಕೋಕಲ್ಲ," ಎಂದಳು ಹೆಂಡತಿ.

"ನಿಂಗೆ ಅವ್ರ ವಿಷ್ಯ ಗೊತ್ತಿಲ್ಲ."

ಅಣ್ಣ ಡೆಲ್ಮರ್, ಫ್ಲಿಂಟ್ ಊರಿನ ಆಸ್ಪತ್ರೆಯಲ್ಲಿ ಶ್ವಾಸಕೋಶ ಕೊಳೆತು ಸತ್ತು ಒಂಬತ್ತು ದಿನವಾಗಿತ್ತು. ಅವನ ಬಳಿ ಒಂದು ಅರವತ್ತಾರನೇ ಇಸವಿಯ ಪಾಂಟಿಯಾಕ್ ಕಾರಿತ್ತು. ಕೊನೆಯ ವಾರ ಆಮ್ಲಜನಕದ ಮುಖವಾಡ ಎತ್ತಿ ತನ್ನ ಬೂದಿಯ ಪಾತ್ರೆಯ ಬಗ್ಗೆ ಅವನು ತಮ್ಮನಿಗೆ ಹೇಳಿದ್ದು ಮೂರೇ ಮಾತು. "ನನ್ನ ಎಂಜಿನ್ನಿನ ನೀಲಿ. ಕಾರ್ಖಾನೆಯದು. ಸುಮಾರಾಗಿ ಹೊಂದೋದಲ್ಲ." ಆಮೇಲೆ ಮುಖವಾಡ ಹಾಕಿಕೊಂಡ. ಮತ್ತೆ ತೆಗೆಯಲಿಲ್ಲ. ಅವನ ಹೆಂಡತಿ ಲೋರ್ನಾ ಖಾಲಿ ಲೋಹದ ಪಾತ್ರೆಯನ್ನೂ, ಬೂದಿಯಿದ್ದ ರಟ್ಟಿನ ಪೆಟ್ಟಿಗೆಯನ್ನೂ ಆರಿನ್‌ನ ಕೈಗಿತ್ತು, "ಅವ್ನು ಕೇಳಿದ್ದು ಇದೊಂದೇ ಆರಿನ್. ಕೆಡಿಸ್ಬೇಡ," ಎಂದಿದ್ದಳು.

ಕೆಡಿಸುವುದೇ? ಆರಿನ್ ಮೂರು ಅಂಗಡಿಗಳಿಂದ ಮೂರು ಡಬ್ಬ ತಂದ. ಮೂರರ ಮೇಲೂ ಅದೇ ಇಸವಿ, ಅದೇ ಹೆಸರು. ಒಳಗೆ ಮೂರು ಬೇರೆ ಬೇರೆ ನೀಲಿ! ಒಂದು ಆಸ್ಪತ್ರೆಯ ಗೋಡೆಯಂತೆ, ಇನ್ನೊಂದು ಮಕ್ಕಳ ಸೈಕಲ್ಲಿನಂತೆ, ಮತ್ತೊಂದು ಯಾವುದರಂತೆಯೂ ಇರಲಿಲ್ಲ. ಅವನು ಅಣ್ಣನ ಕಾರಿನಡಿ ಮಲಗಿ ಪೆಟ್ರೋಲ್ ಪಂಪ್ ಬಿಚ್ಚಿದ. ಅದರ ಹಿಂದೆ, ಐವತ್ತು ವರ್ಷಕ್ಕೂ ಮೇಲೆ ಬಿಸಿಲು ಕಾಣದ ಉಗುರಗಲದ ಜಾಗದಲ್ಲಿ, ಕಾರ್ಖಾನೆಯವರು ಬಳಿದ ಬಣ್ಣ ಹಾಗೇ ಉಳಿದಿತ್ತು: ಬೆಳ್ಳಿಯ ಪುಡಿ ಕಲಸಿದಂಥ ತೆಳು ನೀಲಿ. ಅಲ್ಲೇ, ಎಣ್ಣೆಯ ಕಲೆಗಳ ಮೇಲೆ ಬಿದ್ದುಕೊಂಡು, ಅಣ್ಣ ಸತ್ತ ಮೇಲೆ ಮೊದಲ ಬಾರಿಗೆ ಆರಿನ್ ಅತ್ತ. ಆಮೇಲೆ ಎದ್ದು ಡಬ್ಬಗಳನ್ನು ಬೆರೆಸತೊಡಗಿದ. ಆ ನೀಲಿ ಕೂಡಿಬರಲು ಹನ್ನೊಂದು ಸಲ ಬೆರೆಸಬೇಕಾಯಿತು.

ಪಂಪ್ ಮತ್ತೆ ಜೋಡಿಸಿ, ಶುಕ್ರವಾರ ಮಧ್ಯಾಹ್ನ ಪಾತ್ರೆಗೆ ಬಣ್ಣ ಬಳಿದಾಯಿತು. ಎಂಜಿನ್ನಿನ ಬಣ್ಣ ಗಟ್ಟಿಯಾಗಲು ಶಾಖ ಬೇಕು. ಅದಕ್ಕೆ ಈ ಊರಿನ ಗಂಡಸರಿಗೆಲ್ಲ ಗೊತ್ತಿರುವ ಜಾಗ ಒಂದೇ. ಚರ್ಚಿನ ಊಟಕ್ಕೆಂದು ಆಲೂಗಡ್ಡೆ-ಚೀಸಿನ ಟ್ರೇ ಹಿಡಿದು ಬಂದ ಮ್ಯಾಕ್ಸೀನ್ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

"ಆರಿನ್, ನನ್ನ ಓವನ್ನಲ್ಲಿ ಏನು?"

"ಡೆಲ್ಮರ್."

ಟ್ರೇ ಅವಳ ಕೈಯಿಂದ ಜಾರಿತು.

"ಅವ್ನಲ್ಲ ಮಾರಾಯ್ತಿ, ಅವ್ನ ಪಾತ್ರೆ! ಖಾಲಿ ಇದೆ! ಇನ್ನೂರು ಡಿಗ್ರಿ, ಒಂದೇ ಗಂಟೆ."

"ಮಿಕ್ಕ ಆಲೂಗಡ್ಡೆ ಇದೇ ಓವನ್ನಲ್ಲಿ ಬೇಯ್ಬೇಕು ಕಣೋ! ನಾಳೆ ತಿಂದೋರನ್ನೂ ಹೂಳೋಕೆ ಹೋಗೋಣ್ವಾ?" ಕಿಟಕಿ ತೆರೆದು, ಕೆಮ್ಮುತ್ತಾ, ಅವಳು ಓವನ್ನಿನ ಗಾಜಿನೊಳಗೆ ಇಣುಕಿದಳು. "ಮುಚ್ಚಳ ಹಾಕಿಯೇ ಬಳಿದ್ಯಾ?"

"ಮತ್ತೆ? ಕಾರ್ಖಾನೇಲಿ ಎಂಜಿನ್ ಪೂರ್ತಿ ಜೋಡಿಸಿದ ಮೇಲೇ ಬಳೀತಿದ್ರು. ಬೋಲ್ಟು, ಸಂದು ಎಲ್ಲ ಸೇರಿಸಿ. ಬಿಡಿಬಿಡಿಯಾಗಿ ಬಳಿದ್ರೆ ಕ್ಲಬ್ಬಿನೋರು ನೋಡಿದ ಕೂಡ್ಲೆ ಹಿಡೀತಾರೆ."

"ಹೌದಾ," ಎಂದಳು ಮ್ಯಾಕ್ಸೀನ್. ಬಗ್ಗಿ ನೆಲದ ಮೇಲಿನ ಆಲೂಗಡ್ಡೆ ಗೋರತೊಡಗಿದಳು. ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ಆ ‘ಹೌದಾ’ದ ಬೆಲೆ ಆರಿನ್‌ಗೆ ತಿಳಿಯಬೇಕಿತ್ತು.

ಶನಿವಾರ ಎಂಟಕ್ಕೆ ಬೂದಿ ತುಂಬಲು ಕುಳಿತ. ಮುಚ್ಚಳ ತಿರುಗಲಿಲ್ಲ. ಬಣ್ಣ ತಿರುಪಿನ ಸಂದಿಗೆ ಇಳಿದು, ಬೆಂದು, ಪಾತ್ರೆಯನ್ನೂ ಮುಚ್ಚಳವನ್ನೂ ಒಂದೇ ಲೋಹ ಮಾಡಿಬಿಟ್ಟಿತ್ತು! ರಬ್ಬರಿನ ಬಟ್ಟೆ ಸುತ್ತಿ ತಿರುಗಿಸಿದ. ತೊಡೆಗಳ ನಡುವೆ ಇರುಕಿಸಿ ತಿರುಗಿಸಿದ. ಬಿಸಿನೀರು ಹೊಯ್ದ. ಡೆಲ್ಮರ್‌ನನ್ನು ಬೈದ. ಆಮೇಲೆ ರಟ್ಟಿನ ಪೆಟ್ಟಿಗೆಯ ಕಡೆ ತಿರುಗಿ ಕ್ಷಮೆ ಕೇಳಿದ.

"ಇಕ್ಕಳ ಹಾಕು," ಎಂದಳು ಮ್ಯಾಕ್ಸೀನ್.

"ಬಣ್ಣ ಕಿತ್ತು ಹೋಗುತ್ತೆ!"

"ಬಣ್ಣ ಹೋಗ್ಲಿ! ಅಣ್ಣನ್ನ ಒಳಗೆ ಹಾಕ್ಬೇಡ್ವಾ?"

ಆರಿನ್ ಇಕ್ಕಳ ಕೈಗೆತ್ತಿಕೊಂಡ. ಬೆಳಗಿನ ಬೆಳಕಲ್ಲಿ ಆ ನೀಲಿ ಹೊಳೆಯಿತು, ಪಂಪಿನ ಹಿಂದಿನ ಉಗುರಗಲದ ನೀಲಿಯಂತೆಯೇ. ಅವನು ಇಕ್ಕಳ ಕೆಳಗಿಟ್ಟ. ಹತ್ತೂಮುಕ್ಕಾಲು ಆಗಿತ್ತು.

ಹನ್ನೊಂದಕ್ಕೆ ಚರ್ಚಿನಲ್ಲಿ, ಬಿಳಿ ಹೂಗಳ ನಡುವೆ, ಪಾತ್ರೆ ನಿಂತಿತ್ತು. ಕ್ಲಬ್ಬಿನ ಒಂಬತ್ತು ಮುದುಕರು ಸಾಲಾಗಿ ಬಂದರು. ಪ್ರಾರ್ಥನೆಗೆಂದಲ್ಲ, ಕನ್ನಡಕ ಮೂಗಿನ ತುದಿಗಿಳಿಸಿ ಬಗ್ಗಿ ನೋಡಲಿಕ್ಕೆ. ಐವತ್ತು ವರ್ಷದಿಂದ ಯಾರನ್ನೂ ಹೊಗಳದ ಹಾರ್ಲನ್ ಬೀಬಿ ಬಹಳ ಹೊತ್ತು ಬಗ್ಗಿಯೇ ಇದ್ದ.

"ಸಂದಿನ ಮೇಲೂ ಬಳಿದಿದ್ದೀಯ," ಎಂದ.

"ಕಾರ್ಖಾನೆಯೋರ ಹಾಗೆ," ಎಂದ ಆರಿನ್.

"ತಪ್ಪಿಲ್ಲ," ಎಂದ ಹಾರ್ಲನ್. ಆರಿನ್‌ನ ಎದೆ ಎರಡಂಗುಲ ಉಬ್ಬಿತು. ಬದುಕಿನಲ್ಲಿ ಅಂಥ ಗಳಿಗೆ ಅವನಿಗೆ ಇನ್ನೊಂದು ಬಂದಿರಲಿಲ್ಲ. ಅದು ಸುಮಾರು ಒಂದು ನಿಮಿಷ ಉಳಿಯಿತು.

ಏಕೆಂದರೆ ಲೋರ್ನಾ ಎದ್ದು ಬಂದಳು. ಎರಡೂ ಕೈಯಿಂದ ಪಾತ್ರೆ ಎತ್ತಿ ಎದೆಗೊತ್ತಿಕೊಂಡಳು. ಅವಳ ಮುಖ ಬದಲಾಯಿತು. ತೂಕ ನೋಡುವಂತೆ ಪಾತ್ರೆಯನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮಾಡಿದಳು.

"ಆರಿನ್. ಇದ್ರಲ್ಲಿ ಯಾರೂ ಇಲ್ಲ."

ಪಾದ್ರಿ ಪುಸ್ತಕ ಮುಚ್ಚಿದ. ಆರ್ಗನ್ ನುಡಿಸುತ್ತಿದ್ದವಳು ನಡುವಿನಲ್ಲೇ ನಿಲ್ಲಿಸಿದಳು.

"ಮುಚ್ಚಳ ಕಚ್ಕೊಂಡ್ಬಿಡ್ತು ಲೋರ್ನಾ," ಎಂದ ಆರಿನ್. "ತೆಗೆದ್ರೆ ಬಣ್ಣ ಕಿತ್ತುಹೋಗ್ತಿತ್ತು. ಅವ್ನು ಕೇಳಿದ್ದು ಬಣ್ಣ ಒಂದೇ..."

"ಅವ್ನೆಲ್ಲಿ?"

"ಹೊರಗೆ, ಅವ್ನ ಕಾರಲ್ಲಿ. ಪೆಟ್ಟಿಗೆ ಸಮೇತ, ಮುಂದಿನ ಸೀಟಲ್ಲಿ."

ಲೋರ್ನಾ ಕಣ್ಣು ಮುಚ್ಚಿದಳು. "ಸತ್ತ ಮೇಲಾದ್ರೂ ಆ ಕಾರಿಂದ ಇಳೀತಾನೆ ಅಂದ್ಕೊಂಡಿದ್ದೆ."

ಹಾರ್ಲನ್ ಹೊರಗೆ ಹೋಗಿ ಪೆಟ್ಟಿಗೆ ತಂದ. ಡೆಲ್ಮರ್ ಸ್ಟಕಿ, ವಯಸ್ಸು ಎಪ್ಪತ್ತೆಂಟು, ಕಂದು ರಟ್ಟಿನ ಪೆಟ್ಟಿಗೆಯಲ್ಲೇ ಮಣ್ಣು ಸೇರಿದ.

ಸ್ಮಶಾನದ ಗೇಟಿನ ಬಳಿ ಆರಿನ್ ಅತ್ತಿಗೆಯನ್ನು ತಡೆದ. ಪಾತ್ರೆ ಇನ್ನೂ ಅವಳ ಕೈಯಲ್ಲಿತ್ತು. ಸೋಮವಾರದೊಳಗೆ ಮುಚ್ಚಳ ಕೊಯ್ದು ತೆಗೆದು, ಮತ್ತೆ ಬಳಿದು, ತಂದುಕೊಡುತ್ತೇನೆ ಎಂದು ತೊದಲಿದ. ಅವಳು ಮಾತು ಮುಗಿಯುವವರೆಗೆ ಕೇಳಿದಳು. ಆಮೇಲೆ ಪಾತ್ರೆಯನ್ನು ಅವನ ಎದೆಗೆ ಒತ್ತಿ ಹಿಡಿಸಿದಳು.

"ನೀನೇ ಇಟ್ಕೋ ಆರಿನ್, ನಿನ್ನ ಸರದಿಗೆ. ಮುಚ್ಚಳ ತೆಗೆಯೋಕೆ ನಿಂಗಿನ್ನೂ ಸ್ವಲ್ಪ ಟೈಮಿದೆ."