ಗೋಡೆಯ ಮೇಲಿನ ಸ್ವಿಚ್ಚಿಗೆ, ಮಿನುಗದ ದೀಪದವಳ ಅಹವಾಲು

ಫಳ್ನೀರಿನ ನಮ್ಮ ಕಚೇರಿಯಲ್ಲಿ, ಚಹಾ ಕಾಯಿಸುವ ಕೋಣೆಯ ಬಾಗಿಲಿನ ಮೇಲ್ಗಡೆ, ಕಬ್ಬಿಣದ ಪುಟ್ಟ ಗೂಡಿನೊಳಗೆ ವಿರಾಜಮಾನರಾಗಿರುವ, ಹದಿನಾರು ಕಿಂಡಿಗಳೂ ಅಷ್ಟೇ ಕಣ್ಣುಗಳೂ ಉಳ್ಳ, ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಅವರ ಸನ್ನಿಧಾನಕ್ಕೆ.

ವಿಷಯ: ಏಳನೆಯ ಕಿಂಡಿಯ ದೀಪ ಸಾಕಷ್ಟು ಮಿನುಗದಿರುವ ಬಗ್ಗೆ.

ಮಾನ್ಯರೇ,

ತಾವು ಕ್ಷೇಮವೇ ಎಂದು ಬೇರೆಯಾಗಿ ವಿಚಾರಿಸುವ ಅಗತ್ಯ ನನಗಿಲ್ಲ, ಯಾಕೆಂದರೆ ತಮ್ಮ ಎಡತುದಿಯ ಒಂಟಿ ಹಸಿರು ದೀಪ ಉರಿಯುತ್ತಿರುವವರೆಗೆ ತಾವು ಕ್ಷೇಮ ಎಂದು ತಮ್ಮನ್ನು ಆ ಗೂಡಿನಲ್ಲಿ ಪ್ರತಿಷ್ಠಾಪಿಸಿದ ಸುರತ್ಕಲ್ಲಿನ ಬಾಸಿಲ್ ಅವರು ಹೇಳಿ ಹೋಗಿದ್ದಾರೆ. ನಾವು ಕ್ಷೇಮವೇ, ಕೆಲಸ ಮಾಡುತ್ತಿದ್ದೇವೆಯೇ, ಅಥವಾ ಕುರ್ಚಿ ಬಿಸಿ ಮಾಡುತ್ತಿದ್ದೇವೆಯೇ ಎಂದು ತಿಳಿಯಲು ನಮ್ಮ ಧಣಿಗಳಾದ ಚಿತ್ತರಂಜನ ಸರ್ ಕೂಡ ತಮ್ಮ ಮುಖವನ್ನೇ ನೋಡುತ್ತಾರೆ. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ತಾವು ಎತ್ತರದಲ್ಲಿರುವುದರಿಂದ ಕೆಳಗೆ ಕೂತವರ ಪರಿಚಯ ತಮಗೆ ಇರಲಾರದು. ನಾನು ಮೋಕ್ಷಾ, ಜೆಪ್ಪುವಿನವಳು, ಕನ್ನಡ ಎಂ.ಎ. ಮುಗಿಸಿ ಈ ಕಚೇರಿಗೆ ಬಂದವಳು. ಮದುವೆ ಕಾಗದ, ಶಾಲೆಗಳ ಸ್ಮರಣ ಸಂಚಿಕೆ, ಬ್ರಹ್ಮಕಲಶೋತ್ಸವದ ಆಮಂತ್ರಣ, ಇವನ್ನೆಲ್ಲ ವಿನ್ಯಾಸ ಮಾಡಿ ಅಚ್ಚಿಗೆ ಕಳುಹಿಸುವ ಕಚೇರಿ ಇದು. ಅಚ್ಚಿಗೆ ಹೋಗುವ ಮೊದಲು ಅವುಗಳಲ್ಲಿ ತಪ್ಪು ಹುಡುಕುವವಳು ನಾನು. ಮಾತು ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಮಂಗಳೂರಿನಲ್ಲಿ ಇಲ್ಲವೆಂದೇ ನನ್ನ ನಂಬಿಕೆ. ನನ್ನನ್ನು ಇನ್ನೂ ಖಾಯಂ ಮಾಡಿರಲಿಲ್ಲ. ಖಾಯಂ ಆಗದಿದ್ದರೆ ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯ ಹತ್ತಿರ ಭುವನ್ ಮಾವನ ಐಸ್ ಪ್ಲಾಂಟಿನಲ್ಲಿ ಬಿಲ್ಲು ಬರೆಯುವ ಕುರ್ಚಿಯೊಂದು ನನಗಾಗಿ ಕಾದಿತ್ತು. ಐಸಿನ ಮೇಲೆ ನನಗೆ ದ್ವೇಷವಿಲ್ಲ, ಆದರೆ ಅದರಲ್ಲಿ ಓದುವುದಕ್ಕೆ ಏನೂ ಇರುವುದಿಲ್ಲ.

ಬಾಸಿಲ್ ಅವರು ತಮ್ಮನ್ನು ಕೂರಿಸಿದ ದಿನ ಒಂದು ಉಪಕಾರ ಮಾಡಿದರು. ಯಾವ ವಯರು ಯಾರ ಕಂಪ್ಯೂಟರಿನದು ಎಂದು ಮುಂದೆ ಗೊಂದಲವಾಗಬಾರದೆಂದು ಪ್ರತಿ ದೀಪದ ಕೆಳಗೂ ಆಯಾ ಮೇಜಿನವರ ಹೆಸರಿನ ಚೀಟಿ ಅಂಟಿಸಿದರು. ಆಮೇಲೆ ಏಣಿಯ ಮೇಲಿನಿಂದಲೇ ದೀಪಗಳ ಅರ್ಥವನ್ನೂ ವಿವರಿಸಿದರು. ದೀಪ ಸುಮ್ಮನೆ ಉರಿದರೆ ವಯರು ಸರಿಯಾಗಿ ಕೂತಿದೆ, ಮಿನುಗಿದರೆ ಅದರಲ್ಲಿ ಫೈಲುಗಳು ಹೋಗಿಬಂದು ಮಾಡುತ್ತಿವೆ, ಹಳದಿಯಾದರೆ ವಯರು ಹಳತು, ವೇಗ ಕಡಿಮೆ, ಆರಿದರೆ ಆ ಕಡೆ ಏನೂ ಇಲ್ಲ. ಇದರಲ್ಲಿ ತಪ್ಪು ಹುಡುಕಲು ನನ್ನಿಂದಲೂ ಸಾಧ್ಯವಿಲ್ಲ. ಆದರೆ ಏಣಿಯ ಬುಡದಲ್ಲಿ ನಿಂತಿದ್ದ ಧಣಿಗಳು ಇಷ್ಟನ್ನೂ ಗಮನವಿಟ್ಟು ಕೇಳಿ, ಚೀಟಿಗಳ ಮೇಲಿನ ಹೆಸರುಗಳನ್ನು ಓದಿ, ದೀಪವನ್ನೂ ಮನುಷ್ಯರನ್ನೂ ಕೂಡಿಸಿ ತಮ್ಮದೇ ಒಂದು ಶಾಸ್ತ್ರ ಮಾಡಿಕೊಂಡರು. ಮಿನುಗುವವರು ದುಡಿಯುವವರು, ಸುಮ್ಮನೆ ಉರಿಯುವವರು ಸುಮ್ಮನೆ ಕೂತವರು.

ಮಾನ್ಯರೇ, ಈ ಶಾಸ್ತ್ರದ ಪ್ರಕಾರ ನಮ್ಮಲ್ಲಿ ಅತ್ಯಂತ ಶ್ರಮಜೀವಿ ಎಂದರೆ ಧಣಿಗಳ ಅಕ್ಕನ ಮಗ ಶೋಭಿತ್. ಅವನ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಯಾವುದಾದರೂ ದೇಶದ ಕ್ರಿಕೆಟ್ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಅವನ ದೀಪ ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿಯುತ್ತಿರುತ್ತದೆ. ದೊಡ್ಡ ದೊಡ್ಡ ಚಿತ್ರಗಳನ್ನು ಕಳುಹಿಸುವ ವಿನ್ಯಾಸಗಾರ್ತಿ ಚೈತಾಲಿಯದು ಎರಡನೆಯ ಸ್ಥಾನ. ಮೂರನೆಯ ಸ್ಥಾನ ಅಲ್ಫೋನ್ಸ್‌ಗೆ. ಅಲ್ಫೋನ್ಸ್ ನಮ್ಮನ್ನು ಬಿಟ್ಟು ಉಡುಪಿಯ ಬೇರೊಂದು ಪ್ರೆಸ್ಸಿಗೆ ಸೇರಿ ಬಹಳ ಕಾಲವಾಯಿತು. ಅವನ ಕಂಪ್ಯೂಟರನ್ನು ಆರಿಸಲು ಯಾರಿಗೂ ನೆನಪಾಗಿಲ್ಲ, ಅದು ಮೇಜಿನಡಿಯಲ್ಲಿ ತನ್ನಷ್ಟಕ್ಕೆ ಏನನ್ನೋ ತರಿಸಿಕೊಳ್ಳುತ್ತ ಮಿನುಗುತ್ತಿರುತ್ತದೆ. ಒಂದು ದಿನ ಧಣಿಗಳು ತಮ್ಮ ಕೆಳಗೆ ನಿಂತು ನನಗೆ ಕೇಳುವಷ್ಟು ಗಟ್ಟಿಯಾಗಿ ನಿಟ್ಟುಸಿರು ಬಿಟ್ಟರು. "ಬಿಟ್ಟು ಹೋದವನದ್ದೇ ಇಷ್ಟು ಮಿನುಗ್ತದೆ ಮಾರಾಯ. ಇದ್ದವರದ್ದು ಎಂತ ಕತೆ?"

ಇದ್ದವಳು ನಾನು. ನನ್ನ ಕೆಲಸದ ರೀತಿಯೇ ತಮ್ಮ ಕಣ್ಣಿಗೆ ಬೀಳದಂಥದ್ದು. ಫೈಲನ್ನು ಒಂದು ಸಲ ತರಿಸಿಕೊಂಡರೆ ಆಮೇಲೆ ಗಂಟೆಗಟ್ಟಲೆ ಅದರೊಳಗೆ ಮುಳುಗಿರುತ್ತೇನೆ. ಆಗ ಆ ವಯರಿನಲ್ಲಿ ಓಡಾಡುವಂಥದ್ದು ಏನೂ ಇಲ್ಲದ ಕಾರಣ, ತಾವು ನನ್ನ ಹೆಸರಿನ ಮೇಲೆ ಪಾಚಿ ಬಣ್ಣದ ಒಂದು ಶಾಂತ ದೀಪವನ್ನು ಉರಿಸಿಡುತ್ತೀರಿ. ವಧುವಿಗೂ ವರನಿಗೂ ಒಂದೇ ತಂದೆಯ ಹೆಸರು ಬಿದ್ದಿದ್ದ ಮದುವೆ ಕಾಗದವನ್ನು ಅಚ್ಚಿಗೆ ಹೋಗುವ ಮುನ್ನ ನಾನು ಹಿಡಿದ ದಿನ ಎರಡು ಮನೆತನಗಳ ಮಾನ ಉಳಿಯಿತು. ತಾವು ಮಾತ್ರ ರೆಪ್ಪೆ ಹೊಡೆಯಲಿಲ್ಲ.

ಬೈಯುವುದು ನನ್ನ ಉದ್ದೇಶವಲ್ಲ, ತಮ್ಮ ನಿಷ್ಪಕ್ಷಪಾತಕ್ಕೆ ನಾನು ತಲೆಬಾಗುತ್ತೇನೆ. ಧಣಿಗಳ ಪತ್ನಿಯೂ ನಮ್ಮ ಲೆಕ್ಕಪತ್ರ ನೋಡುವವರೂ ಆದ ಶಶಿಪ್ರಭಕ್ಕನ ದೀಪವನ್ನು ಕೂಡ ತಾವು ಹಿಂದೆಮುಂದೆ ನೋಡದೆ ಹಳದಿ ಮಾಡಿದ್ದೀರಿ. ಹಳದಿ ಎಂದರೆ ವೇಗ ಕಡಿಮೆ ಎಂಬ ಬಾಸಿಲ್ ಅವರ ಮಾತು ಆಗ ಎಲ್ಲರಿಗೂ ನೆನಪಾಗಿ, ಎಲ್ಲರೂ ತಮ್ಮ ತಮ್ಮ ಮೇಜನ್ನು ಒರೆಸತೊಡಗಿದರು. ಹಳದಿ ಅರಸಿನದ ಬಣ್ಣ, ಕಚೇರಿಗೆ ಒಳ್ಳೆಯದು ಎಂದು ಧಣಿಗಳು ತೀರ್ಪು ಕೊಟ್ಟ ಮೇಲೆಯೇ ಉಸಿರಾಟ ಮುಂದುವರಿದದ್ದು.

ನವರಾತ್ರಿ ಹತ್ತಿರವಾದಾಗ ಧೈರ್ಯ ಮಾಡಿ ನಾನು ಖಾಯಂ ಮಾಡುವ ವಿಷಯ ಕೇಳಿದೆ. ಕೇಳಿದೆ ಎಂದರೆ ಧಣಿಗಳ ಕೋಣೆಯ ಬಾಗಿಲಲ್ಲಿ ನಿಂತೆ, ಅವರೇ ಅರ್ಥ ಮಾಡಿಕೊಂಡರು. "ಹಬ್ಬ ಒಂದು ಕಳೀಲಿ, ನೋಡುವ ಮೋಕ್ಷಾ. ನಿಮ್ಮ ಕೆಲಸ ಒಳ್ಳೆಯದುಂಟು. ಆದ್ರೆ ನಿಮ್ಮ ಲೈಟ್ ಸ್ವಲ್ಪ..." ಎಂದು ವಾಕ್ಯವನ್ನು ಅಲ್ಲೇ ಬಿಟ್ಟು ತಮ್ಮ ಕಡೆ ನೋಡಿದರು. ಮನೆಯಲ್ಲಿ ಅಮ್ಮ ವಾರಿಜಾಕ್ಷಿಗೆ ಇದನ್ನು ವಿವರಿಸಿದಾಗ, ನಿನಗೆ ಕಣ್ಣು ಹೊಡೆಯಲು ಬರುವುದಿಲ್ಲವೆಂದು ಕೆಲಸ ಕೊಡುವುದಿಲ್ಲವಂತಾ ಎಂದು ಅವರು ಗಾಬರಿಯಾದರು. ಆಯುಷ್ಯವನ್ನೆಲ್ಲ ಮೀನಿನ ಬೋಟಿನಲ್ಲಿ ಕಳೆದ ಅಪ್ಪ ಊಟದ ಬಟ್ಟಲಿನಿಂದ ತಲೆ ಎತ್ತದೆ ಹೇಳಿದರು: "ಲೈಟ್ ಹಾಕಿದ ಬೋಟಿಗೆಲ್ಲ ಬಂಗುಡೆ ಸಿಗ್ತದಾ? ನಿನ್ನ ಧಣಿಯನ್ನು ಒಮ್ಮೆ ದಕ್ಕೆಗೆ ಕರ್ಕೊಂಡು ಬಾ."

ಅಂದಿನಿಂದ ನಾನು ತಮ್ಮನ್ನು ನೋಡಲು ಶುರುಮಾಡಿದೆ. ನನ್ನ ಹಣೆಬರಹ ಯಾವ ಲಿಪಿಯಲ್ಲಿದೆಯೋ ಅದನ್ನು ಓದಲು ಕಲಿಯುವುದು ಸಾಹಿತ್ಯದ ವಿದ್ಯಾರ್ಥಿಯ ಕರ್ತವ್ಯವಲ್ಲವೇ? ಶೋಭಿತ್‌ನ ಸಿಡಿತ ಓವರು ಮುಗಿದಾಗ ಕೂಡ ನಿಲ್ಲುವುದಿಲ್ಲ, ಯಾಕೆಂದರೆ ಆಗ ಜಾಹೀರಾತು ಬರುತ್ತದೆ. ಚೈತಾಲಿಯದು ಒಮ್ಮೆ ಭರ್ರನೆ, ಆಮೇಲೆ ಮೌನ. ಅಲ್ಫೋನ್ಸ್‌ನದು ಆಲಸ್ಯದ ಮಿನುಗು, ಆಕಳಿಕೆಯ ನಡುವೆ ಕಣ್ಣು ತೆರೆದಂತೆ, ಥೇಟ್ ಅವನ ಹಾಗೆಯೇ. ತಮ್ಮ ಹದಿನಾರು ಕಣ್ಣುಗಳಲ್ಲಿ ಎರಡು ಒಂದೇ ತಾಳದಲ್ಲಿ ಮಿನುಗಿದ್ದನ್ನು ನಾನು ಕಂಡಿರಲಿಲ್ಲ. ಆಯುಧಪೂಜೆಯ ದಿನದವರೆಗೆ.

ಆ ದಿನ ಬೆಳಿಗ್ಗೆ ಕಚೇರಿಯನ್ನು ತೊಳೆದು ಒರೆಸಿ, ಕಂಪ್ಯೂಟರುಗಳಿಗೆಲ್ಲ ಗಂಧ ಕುಂಕುಮ ಇಟ್ಟೆವು. ತಮ್ಮ ಧೂಳನ್ನು ಯಾರಿಗೂ ಬಿಡದೆ ಶಶಿಪ್ರಭಕ್ಕ ತಾವೇ ಸ್ಟೂಲು ಹತ್ತಿ ಒರೆಸಿ, ಸೇವಂತಿಗೆಯ ಮಾಲೆ ಹಾಕಿದರು. ತಮ್ಮ ಕಿಂಡಿಯೊಂದರಿಂದ ನೀಲಿ ವಯರೊಂದು ಎಷ್ಟೋ ಕಾಲದಿಂದ ಸುಮ್ಮನೆ ನೇತಾಡುತ್ತಿತ್ತು. ಬಾಸಿಲ್ ಬಂದಾಗ ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಳ್ಳುತ್ತಿದ್ದ ವಯರು ಅದು. ಪೂಜೆಯ ಹೊತ್ತಿಗೆ ಹೀಗೆ ನೇತಾಡುವುದು ಚಂದವಲ್ಲವೆಂದು ಶಶಿಪ್ರಭಕ್ಕ ಅದರ ಇನ್ನೊಂದು ತುದಿಯನ್ನೂ ಮಡಚಿ ತಮ್ಮದೇ ಒಂದು ಖಾಲಿ ಕಿಂಡಿಗೆ ಸಿಕ್ಕಿಸಿದರು. ಧಣಿಗಳು ಮಂಗಳಾರತಿ ಎತ್ತುವುದಕ್ಕೂ, ತಮ್ಮ ದೀಪಗಳೆಲ್ಲ ಒಮ್ಮೆಲೇ ಕುಣಿಯತೊಡಗುವುದಕ್ಕೂ ಸರಿಹೋಯಿತು.

ಮಾನ್ಯರೇ, ಆ ದರ್ಶನವನ್ನು ನಾನು ಮರೆಯಲಾರೆ. ನಾನೂ ಮಿನುಗಿದೆ. ಶಶಿಪ್ರಭಕ್ಕ ಹಳದಿಯಲ್ಲೇ ಮಿನುಗಿದರು. ಧಣಿಗಳು ಆರತಿ ತಟ್ಟೆ ಕೆಳಗಿಟ್ಟು ಕೈಮುಗಿದರು, ಕಣ್ಣಲ್ಲಿ ನೀರಿತ್ತು. "ನೋಡಿ, ಒಬ್ಬರಾದರೂ ಸುಮ್ಮನೆ ಇದ್ದಾರಾ?" ಎಂದು ನಮ್ಮ ಕಡೆ ತಿರುಗಿ ಕೇಳಿದರು. ನಾವು ಆಗ ಎಲ್ಲರೂ ಸಾಲಾಗಿ ನಿಂತು ಪಂಚಕಜ್ಜಾಯ ತಿನ್ನುತ್ತಿದ್ದೆವು.

ಹಬ್ಬವಾದರೂ ಒಂದು ತುರ್ತು ಕೆಲಸ ಉಳಿದಿತ್ತು. ಶಾಲೆಯೊಂದರ ಸ್ಮರಣ ಸಂಚಿಕೆಯ ಕೊನೆಯ ಪುಟಗಳಿಗಾಗಿ ಸಫಿಯಾ ಟೀಚರ್ ಬಂದು ಕೂತಿದ್ದರು, ಆ ಸಂಜೆಯೇ ಬಿಡುಗಡೆ. ಚೈತಾಲಿ ಫೈಲು ಕಳುಹಿಸಿದಳು, ಹೋಗಲಿಲ್ಲ. ನಾನು ತರಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಪ್ರಿಂಟರು ಕುಂಕುಮ ಹಚ್ಚಿಕೊಂಡು ಮದುಮಗನಂತೆ ಸುಮ್ಮನಿತ್ತು. ಶೋಭಿತ್‌ನ ಕ್ರಿಕೆಟ್ ಕೂಡ ಚೆಂಡು ಗಾಳಿಯಲ್ಲಿರುವಾಗಲೇ ನಿಂತಿತು, ಆಗಲೇ ಅವನಿಗೆ ಕಚೇರಿಯಲ್ಲಿ ಏನೋ ಗಂಭೀರವಾದದ್ದು ನಡೆದಿದೆ ಎಂದು ಗೊತ್ತಾದದ್ದು. ಬಾಸಿಲ್ ಹಬ್ಬಕ್ಕೆಂದು ಎಲ್ಲಿಗೋ ಹೋಗಿದ್ದರು, ಫೋನು ಎತ್ತಲಿಲ್ಲ. ಧಣಿಗಳು ಮಾತ್ರ ತಮ್ಮನ್ನು ತೋರಿಸಿ, ಕೆಲಸ ಭರದಿಂದ ನಡೆಯುತ್ತಿದೆ, ಈಗ ಬಂದೀತು ಎಂದು ಟೀಚರಿಗೆ ಸಮಾಧಾನ ಹೇಳುತ್ತಲೇ ಇದ್ದರು. ಟೀಚರ್ ಬಹಳ ಹೊತ್ತು ತಮ್ಮನ್ನು ನೋಡಿ, "ಇಷ್ಟು ಜನ ಕೆಲಸ ಮಾಡಿದ್ರೂ ಒಂದು ಪುಟ ಬರುವುದಿಲ್ಲ ಅಂದ್ರೆ ಎಂತ ಸರ್ ಇದು?" ಎಂದರು.

ನಾನು ಅಲ್ಫೋನ್ಸ್‌ನ ದೀಪವನ್ನು ನೋಡಿದೆ. ಅದು ಶೋಭಿತ್‌ನದಕ್ಕೆ ಸರಿಸಮನಾಗಿ ಮಿನುಗುತ್ತಿತ್ತು. ಅಲ್ಫೋನ್ಸ್ ಅಷ್ಟು ಕೆಲಸ ಮಾಡುವವನೇ ಅಲ್ಲ. ಎಲ್ಲ ದೀಪಗಳೂ ಒಂದೇ ತಾಳದಲ್ಲಿವೆ ಎಂದರೆ ಯಾರೂ ಯಾರೊಂದಿಗೂ ಮಾತಾಡುತ್ತಿಲ್ಲ, ಒಂದೇ ಕೂಗು ಸುತ್ತುತ್ತಿದೆ ಎಂದು ನನಗೆ ಅನ್ನಿಸಿತು. ಸೇವಂತಿಗೆಯ ಮಾಲೆಯ ಹಿಂದೆ ಆ ನೀಲಿ ವಯರು ತಮ್ಮಿಂದಲೇ ಹೊರಟು ತಮ್ಮನ್ನೇ ಸೇರಿದ್ದು ಆಗ ಕಾಣಿಸಿತು. ತಾವು ತಮ್ಮ ಕಿವಿಯಲ್ಲೇ ಹೇಳಿಕೊಂಡದ್ದನ್ನು ತಾವೇ ಕೇಳಿ, ಮತ್ತೆ ಎಲ್ಲರಿಗೂ ಸಾರಿ, ಮತ್ತೆ ಕೇಳಿಸಿಕೊಳ್ಳುತ್ತಿದ್ದಿರಿ. ಮನುಷ್ಯರಲ್ಲಿ ಇದಕ್ಕೆ ವೇದಿಕೆ, ಮೈಕು ಬೇಕಾಗುತ್ತದೆ.

ಯಾರನ್ನಾದರೂ ಕೇಳಿದರೆ ಧೈರ್ಯ ಹೋಗುತ್ತದೆಂದು ಕೇಳದೆ ಸ್ಟೂಲು ಹತ್ತಿದೆ. ಪೂಜೆಯಾದದ್ದನ್ನು ಮುಟ್ಟಬಾರದೆಂದು ಶಶಿಪ್ರಭಕ್ಕ ಹಿಂದಿನಿಂದ ಹೇಳುತ್ತಿದ್ದರು. ಮಾಲೆಯನ್ನು ಸರಿಸಿದಾಗ ನಾಲ್ಕು ಎಸಳು ತಲೆ ಮೇಲೆ ಉದುರಿದವು. ವಯರಿನ ಒಂದು ತುದಿ ಕಿತ್ತೆ. ಕುಣಿತ ನಿಂತಿತು.

"ಎಂತ ಮಾಡಿದ್ರಿ ಮೋಕ್ಷಾ?" ಎಂದರು ಧಣಿಗಳು. "ಎಲ್ಲರ ಕೆಲಸ ನಿಲ್ಲಿಸಿದ್ರಲ್ಲ."

ನಾನು ಸ್ಟೂಲಿನಿಂದ ಇಳಿಯುವಷ್ಟರಲ್ಲೇ ಪ್ರಿಂಟರು ಗಂಟಲು ಸರಿಪಡಿಸಿಕೊಂಡು ಮೊದಲ ಪುಟವನ್ನು ಹೊರಗೆ ಹಾಕಿತು, ಆಮೇಲೆ ಎರಡನೆಯದನ್ನು. ಟೀಚರ್ ಬಿಸಿಬಿಸಿ ಹಾಳೆಗಳನ್ನು ಎದೆಗೆ ಒತ್ತಿಕೊಂಡು, ನನ್ನ ತಲೆಯ ಮೇಲಿದ್ದ ಎಸಳೊಂದನ್ನು ತೆಗೆದು ಹೊರಟರು.

ಹಬ್ಬ ಕಳೆದ ಮೇಲೆ ನಾನು ಖಾಯಂ ಆದೆ. ಈ ಸಂತೋಷದ ಸುದ್ದಿಗಾಗಿ ತಮಗೆ ವಂದನೆ ಹೇಳಿ ಪತ್ರ ಮುಗಿಸಬಹುದಿತ್ತು. ಆದರೆ ಧಣಿಗಳು ಇನ್ನೂ ಒಂದು ಮಾತು ಸೇರಿಸಿದರು: "ಅದರ ಭಾಷೆ ನಿಮಗೆ ಗೊತ್ತುಂಟು. ಇನ್ನು ದಿನಾ ಸಾಯಂಕಾಲ ಯಾರದ್ದು ಎಷ್ಟು ಮಿನುಗಿತು ಅಂತ ನನಗೆ ನೀವೇ ಹೇಳ್ಬೇಕು." ಅವರ ಶಾಸ್ತ್ರಕ್ಕೆ ಏನೂ ಆಗಿಲ್ಲ, ಅದಕ್ಕೊಬ್ಬ ಪುರೋಹಿತೆ ಸಿಕ್ಕಿದಳು ಅಷ್ಟೇ. ಈಗ ಪ್ರತಿ ಸಂಜೆ ನಾನು ಅವರ ಬಾಗಿಲಲ್ಲಿ ನಿಂತು, "ಎಲ್ಲರದ್ದೂ ಹಸಿರುಂಟು ಸರ್, ಅಕ್ಕನದ್ದು ಅರಸಿನ" ಎಂದು ಹೇಳಿ ಬಸ್ಸು ಹಿಡಿಯುತ್ತೇನೆ. ಒಳ್ಳೆಯ ವರದಿಯಲ್ಲಿ ತಪ್ಪು ಹುಡುಕುವವರು ನಮ್ಮ ಕಚೇರಿಯಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಯಾರೂ ಇಲ್ಲ.

ಆದರೂ ಅಹವಾಲು ಅಹವಾಲೇ. ಆದ್ದರಿಂದ ತಾವು ದಯಮಾಡಿ ಯಾರಾದರೂ ಒಂದು ಪದದ ಮುಂದೆ ಅನುಮಾನದಿಂದ ನಿಂತಾಗ ಒಂದು ಸಣ್ಣ ಮಿನುಗನ್ನೂ, ಆ ಅನುಮಾನ ನಿಜವಾದಾಗ ಎರಡನ್ನೂ ದಯಪಾಲಿಸಬೇಕು. ಶೋಭಿತ್‌ನ ದೀಪಕ್ಕೆ ಸಿಕ್ಸರಿಗೊಂದು ಬೇರೆ ಬಣ್ಣ ಕೊಟ್ಟರೆ ನಾವೆಲ್ಲ ಸ್ಕೋರು ತಿಳಿದುಕೊಳ್ಳಬಹುದು. ಇವೆಲ್ಲ ತಮ್ಮಿಂದ ಆಗದಿದ್ದರೆ, ಹೆಸರಿನ ಚೀಟಿಗಳ ಹಿಂದಿನ ಗೋಂದನ್ನಾದರೂ ಮುಂದಿನ ಮಳೆಗಾಲದ ತೇವದಲ್ಲಿ ನಿಧಾನವಾಗಿ ಬಿಡಿಸಿಕೊಡಬೇಕು. ಅವು ಉದುರಿದಾಗ ಗುಡಿಸುವ ಹೊಣೆ ನನ್ನದು. ಯಾವುದನ್ನು ಎಲ್ಲಿ ಅಂಟಿಸಬೇಕೆಂದು ನನಗೆ ನೆನಪಿರುವುದಿಲ್ಲ ಎಂದು ಈಗಲೇ ತಿಳಿಸುತ್ತೇನೆ.

ತಮ್ಮ ವಿಶ್ವಾಸಿ,
ಶಾಂತವಾಗಿ ಉರಿಯುತ್ತಿರುವ,
ಏಳನೆಯ ಕಿಂಡಿಯ ಮೋಕ್ಷಾ

ತಾ.ಕ.: ಈ ಪತ್ರವನ್ನು ಕಚೇರಿಯ ಹೊತ್ತಿನಲ್ಲೇ, ಹಳೆಯ ಪ್ರೂಫಿನ ಹಿಂಬದಿಯಲ್ಲಿ, ಪೆನ್ನಿನಿಂದ ಬರೆದಿದ್ದೇನೆ. ಬರೆದು ಮುಗಿಸುವವರೆಗೂ ನನ್ನ ದೀಪ ಅಲುಗಾಡಲಿಲ್ಲ, ನೋಡಿಕೊಂಡೇ ಇದ್ದೆ. ಯಾರು ಬರೆದದ್ದೆಂದು ಧಣಿಗಳು ವಿಚಾರಿಸಿದರೆ ಅಲ್ಫೋನ್ಸ್ ಎಂದು ಹೇಳಿಬಿಡಿ. ಅವರು ಖಂಡಿತ ನಂಬುತ್ತಾರೆ, ಇವತ್ತು ಬೆಳಗಿನಿಂದ ಅವನು ಬಹಳ ಮಿನುಗುತ್ತಿದ್ದಾನೆ.